ಏರ್‌ಗನ್ನಿಗೆ ಸ್ಕೋಪ್ ಹಾಕಿದ ಮೇಲೆ ಗುರಿ ಕೆಟ್ಟಿದೆ. ಗಟ್ಟಿ ಸ್ಪ್ರಿಂಗ್ ಹಾಕಿಸಲಾ, ಪಿಸಿಪಿ ತೆಗೆದುಕೊಳ್ಳಲಾ?

ಹೊಸಗುರಿ
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರುವುದು 4.5 ಮಿ.ಮೀ. ಬ್ರೇಕ್ ಬ್ಯಾರೆಲ್ (ಬ್ಯಾರೆಲ್ ಮಡಚಿ ಸ್ಪ್ರಿಂಗ್ ಬಿಗಿಯುವ) ಸ್ಪ್ರಿಂಗ್ ಗನ್. ಅದರ ಜೊತೆಗೇ ಬಂದ ಸೈಟ್‌ನಲ್ಲಿ 10 ಮೀಟರಿಗೆ ಐದು ಪೆಲೆಟ್ (ಏರ್‌ಗನ್ನಿನ ಚಿಕ್ಕ ಗುಂಡು) 2 ಸೆಂ.ಮೀ. ಒಳಗೆ ಬೀಳುತ್ತಿದ್ದವು. ಈಗ 3-9×40 ಸ್ಕೋಪ್ ಹಾಕಿ 25 ಮೀಟರಿಗೆ ಹೊಡೆಯುತ್ತಿದ್ದೇನೆ. ಗ್ರೂಪ್, ಅಂದರೆ ಐದೂ ಪೆಲೆಟ್ ಬಿದ್ದ ಹರವು, ಅಂಗೈ ಅಗಲ ಆಗುತ್ತಿದೆ. ಅದೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಮೊದಲ ಐದು ಎಡಕ್ಕೆ, ಮುಂದಿನ ಐದು ಮೇಲಕ್ಕೆ. ಮೇಜಿನ ಮೇಲೆ ಮರಳು ಚೀಲ ಇಟ್ಟು, ಗನ್ನನ್ನು ಅದರ ಮೇಲೆ ಅದುಮಿ ಹಿಡಿದೇ ಹೊಡೆಯುತ್ತೇನೆ. ಕೈ ಅಲುಗುವ ಮಾತೇ ಇಲ್ಲ.

ಒಬ್ಬ ಗೆಳೆಯ ಗಟ್ಟಿ ಸ್ಪ್ರಿಂಗ್ ಹಾಕಿಸು, ಸ್ಪೀಡ್ ಬಂದರೆ ಎಲ್ಲ ಸರಿ ಹೋಗುತ್ತದೆ ಅನ್ನುತ್ತಾನೆ. ಇನ್ನೊಬ್ಬ ಇದನ್ನು ಮಾರಿ ಪಿಸಿಪಿ (ಮೊದಲೇ ಒತ್ತಿ ತುಂಬಿದ ಗಾಳಿಯ ಟ್ಯಾಂಕ್ ಇರುವ ಗನ್) ತಗೋ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಪಿಸಿಪಿಪಕ್ಷ
ಎರಡನೇ ಗೆಳೆಯ ಬುದ್ಧಿವಂತ. ಅವರ ಮಾತು ಕೇಳಿ.

ಗಾಳಿಕೋವಿ
ಇಬ್ಬರ ಮಾತೂ ಬೇಡ. ಮೊದಲು ಒಂದು ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಸ್ಟಾಕ್‌ನ (ಗನ್ ಕೂರುವ ಹಿಡಿಯ) ಮುಂಭಾಗದಲ್ಲಿ ಎರಡೂ ಪಕ್ಕ ಒಂದೊಂದು ಸ್ಕ್ರೂ ಇರುತ್ತದೆ, ಟ್ರಿಗರ್ ಗಾರ್ಡ್ ಹತ್ರ ಒಂದೋ ಎರಡೋ. ಎಲ್ಲ ಬಿಗಿ ಇವೆಯಾ ನೋಡಿ. ಆಮೇಲೆ ಸ್ಕೋಪನ್ನು ಗನ್ನಿಗೆ ಹಿಡಿದಿಡುವ ಮೌಂಟಿನ ಸ್ಕ್ರೂ, ರಿಂಗಿನ ಸ್ಕ್ರೂ. ಸ್ಪ್ರಿಂಗ್ ಗನ್ ಇದೆಯಲ್ಲ, ತನ್ನ ಸ್ಕ್ರೂಗಳನ್ನು ತಾನೇ ಬಿಚ್ಚಿಕೊಳ್ಳುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಗ್ರೂಪ್ ಜಾಗ ಬದಲಿಸುತ್ತಿದೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಅಲ್ಲೇ.

ಯಾವ ಪೆಲೆಟ್ ಅಂತ ಹೇಳಲೇ ಇಲ್ಲವಲ್ಲ?

ಹತ್ತುಮೀಟರ್
ಸ್ಕ್ರೂ ನೋಡಿ, ಬೇಡ ಅನ್ನುವುದಿಲ್ಲ. ಆದರೆ "ಅದುಮಿ ಹಿಡಿದೇ" ಅಂತ ಬರೆದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು.

ಸ್ಪ್ರಿಂಗ್ ಗನ್ ಒಂದು ಸಲ ಅಲ್ಲ, ಎರಡು ಸಲ ಒದೆಯುತ್ತದೆ. ಟ್ರಿಗರ್ ಬಿಟ್ಟ ಕೂಡಲೇ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಗನ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಕೊನೆ ಮುಟ್ಟುವಾಗ ಅದರ ಮುಂದೆ ಸಿಕ್ಕಿಕೊಂಡ ಗಾಳಿ ತಡೆಯುತ್ತದೆ, ಆಗ ಗನ್ ಮುಂದಕ್ಕೆ ಜಿಗಿಯುತ್ತದೆ. ಇಷ್ಟೆಲ್ಲ ನಡೆಯುವಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಹಾಗಾಗಿ ಗನ್ ಪ್ರತಿ ಸಲವೂ ಒಂದೇ ಥರ ಅಲುಗಬೇಕು. ಅಲುಗದ ಹಾಗೆ ಮಾಡಲು ನಿಮ್ಮಿಂದಲೂ ಆಗುವುದಿಲ್ಲ, ಮರಳು ಚೀಲದಿಂದಲೂ ಆಗುವುದಿಲ್ಲ. ಅದುಮಿದರೆ ಒಂದು ಸಲ ಜಾಸ್ತಿ ಅದುಮುತ್ತೀರಿ, ಒಂದು ಸಲ ಕಮ್ಮಿ. ಅಷ್ಟೇ ವ್ಯತ್ಯಾಸ ಅಲ್ಲಿ ಅಂಗೈ ಅಗಲ ಆಗುತ್ತದೆ.

ಹೊಸಗುರಿ
ಅಂದರೆ ಗಟ್ಟಿ ಹಿಡಿಯಲೇಬಾರದಾ? ಇಷ್ಟು ದಿನ ಎಲ್ಲರೂ ಉಲ್ಟಾ ಹೇಳಿಕೊಟ್ಟಿದ್ದಾರೆ.

ಗಾಳಿಕೋವಿ ಸರ್, ಪೆಲೆಟ್ ಗನ್ ಜೊತೆ ಬಂದ ಚೂಪು ಮೂತಿಯದು.

ಹತ್ತುಮೀಟರ್
ಎಡ ಅಂಗೈ ಬಿಡಿಸಿ, ಅದರ ಮೇಲೆ ಸ್ಟಾಕ್ ಸುಮ್ನೆ ಕೂರಲಿ. ಬೆರಳು ಸುತ್ತಬೇಡಿ. ಕೈಯ ಹಿಂಭಾಗ ಚೀಲದ ಮೇಲಿರಲಿ. ಭುಜಕ್ಕೆ ಗನ್ ತಾಗಬೇಕು, ಒತ್ತಬಾರದು. ಕೆನ್ನೆಯ ಭಾರ ಪ್ರತಿ ಸಲ ಒಂದೇ ಇರಲಿ. ಇದಕ್ಕೆ ಆರ್ಟಿಲರಿ ಹೋಲ್ಡ್ ಅನ್ನುತ್ತಾರೆ. ಹೊಡೆದ ಮೇಲೆ ತಕ್ಷಣ ತಲೆ ಎತ್ತಬೇಡಿ, ಪೆಲೆಟ್ ಕಾಗದ ಮುಟ್ಟುವವರೆಗೆ ಸ್ಕೋಪ್‌ನಲ್ಲೇ ನೋಡುತ್ತಿರಿ.

ಅಂಗೈ ಇಡುವ ಜಾಗವೂ ಮುಖ್ಯ. ಟ್ರಿಗರ್ ಗಾರ್ಡ್ ಮುಂದೆ ಇಟ್ಟು ಐದು ಹೊಡೆಯಿರಿ, ಸ್ವಲ್ಪ ಮುಂದೆ ಸರಿಸಿ ಇನ್ನೈದು. ಎಲ್ಲಿ ಗ್ರೂಪ್ ಕಿರಿದಾಗುತ್ತದೋ ಅಲ್ಲೊಂದು ಟೇಪ್ ಗುರುತು ಹಾಕಿ. ಆ ಜಾಗ ಬಿಟ್ಟು ಕದಲಬೇಡಿ.

ಲೇತ್‌ಸದ್ದು
ಹತ್ತುಮೀಟರ್ ಮೇಡಂ ಹೇಳಿದ್ದು ಬ್ರೇಕ್ ಬ್ಯಾರೆಲ್‌ಗೆ ಸರಿ. ಎಲ್ಲ ಸ್ಪ್ರಿಂಗ್ ಗನ್ನಿಗೂ ವೇದವಾಕ್ಯ ಅಲ್ಲ. ಬ್ಯಾರೆಲ್ ಕದಲದ, ಕೆಳಗಿನ ಲಿವರ್ ಎಳೆದು ಸ್ಪ್ರಿಂಗ್ ಬಿಗಿಯುವ ಅಂಡರ್‌ಲಿವರ್ ಗನ್ನುಗಳು, ವೈರಾಖ್ ಎಚ್‌ಡಬ್ಲ್ಯೂ 97, ಏರ್ ಆರ್ಮ್ಸ್ ಟಿಎಕ್ಸ್ 200 ಥರದವು, ಭಾರವಾಗಿರುತ್ತವೆ. ಒಳಗೆ ಚೆನ್ನಾಗಿ ಟ್ಯೂನ್ ಆಗಿದ್ದರೆ ಚೀಲದ ಮೇಲೆ ನೇರ ಇಟ್ಟರೂ ಗ್ರೂಪ್ ಕೊಡುತ್ತವೆ. ಡಯಾನಾ 54ರಲ್ಲಂತೂ ಗನ್ನಿನ ಇಡೀ ಮೇಲ್ಭಾಗ ಸ್ಟಾಕ್ ಮೇಲೆ ಜಾರುತ್ತದೆ, ಒದೆತ ಭುಜಕ್ಕೆ ಗೊತ್ತೇ ಆಗುವುದಿಲ್ಲ. ಹಳೆಯ ಫೈನ್‌ವೆರ್ಕ್‌ಬೌ 300ಎಸ್ ಮ್ಯಾಚ್ ರೈಫಲ್ಲಿನದೂ ಅದೇ ಉಪಾಯ.

ಹೊಸಗುರಿಯವರೇ, ಗಟ್ಟಿ ಸ್ಪ್ರಿಂಗ್ ಮಾತ್ರ ಬೇಡವೇ ಬೇಡ. ಸಿಲಿಂಡರ್ ಎಷ್ಟು ಗಾಳಿ ಹಿಡಿಯುತ್ತದೆ, ಆ ಗಾಳಿ ಹೋಗುವ ತೂತು ಎಷ್ಟು ದೊಡ್ಡದು, ಗನ್ನಿನ ಬಲಕ್ಕೆ ಮಿತಿ ಅಲ್ಲೇ ಇರುತ್ತದೆ. ಅದಕ್ಕೆ ತಕ್ಕ ಸ್ಪ್ರಿಂಗನ್ನು ಕಂಪನಿಯವರೇ ಹಾಕಿರುತ್ತಾರೆ. ಅದಕ್ಕಿಂತ ಗಟ್ಟಿಯದು ಹಾಕಿದರೆ ಪಿಸ್ಟನ್ ಕೊನೆಗೆ ಹೋಗಿ ಬಡಿದು ವಾಪಸ್ ಪುಟಿಯುತ್ತದೆ. ಸ್ಪೀಡ್ ಸ್ವಲ್ಪ ಏರಿದರೆ ಏರಿತು, ಒದೆತ ಮಾತ್ರ ಗ್ಯಾರಂಟಿ ಏರುತ್ತದೆ. ಸೀಲ್ ಬೇಗ ಹಾಳು. ಸ್ಕೋಪ್ ಇನ್ನೂ ಬೇಗ ಹಾಳು.

ಗುಂಡುಮಣಿ
ಸ್ಕೋಪ್ ಮಾತು ಬಂತಲ್ಲ, ಇದನ್ನೂ ಸೇರಿಸಿಕೊಳ್ಳಿ. 3-9×40 ಅಂದಿರಿ. ಅದರಲ್ಲಿ ಪ್ಯಾರಲ್ಯಾಕ್ಸ್ ತಿರುಗಿಸುವ ರಿಂಗ್ ಇದೆಯಾ? ಮುಂದಿನ ಗಾಜಿನ ಸುತ್ತ ಅಥವಾ ಎಡ ಪಕ್ಕದಲ್ಲಿ ದೂರದ ಅಂಕಿ ಬರೆದಿರುತ್ತದೆ. ಇಲ್ಲದಿದ್ದರೆ ಅದು ಹೆಚ್ಚಾಗಿ 100 ಗಜಕ್ಕೆ ಹೊಂದಿಸಿದ ಬಂದೂಕಿನ ಸ್ಕೋಪ್. 25 ಮೀಟರಿನಲ್ಲಿ ಕಣ್ಣು ಒಂಚೂರು ಆಚೀಚೆ ಆದರೂ ಕ್ರಾಸ್ ಗುರಿಯ ಮೇಲೆ ಸರಿದಾಡುತ್ತದೆ. ನೋಡುವುದು ಸುಲಭ: ಗನ್ ಚೀಲದ ಮೇಲೆ ಇಟ್ಟು ಮುಟ್ಟದೆ, ತಲೆ ಮಾತ್ರ ಮೇಲೆ ಕೆಳಗೆ ಮಾಡಿ ನೋಡಿ. ಕ್ರಾಸ್ ಓಡಾಡಿದರೆ ಅದೇ ಪ್ಯಾರಲ್ಯಾಕ್ಸ್.

ಇನ್ನೊಂದು. ದೊಡ್ಡ ಬಂದೂಕಿನ ಒದೆತ ತಡೆದ ಸ್ಕೋಪ್ ಏರ್‌ಗನ್ ಮೇಲೆ ಒಡೆದದ್ದುಂಟು. ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಗನ್ ಮುಂದಕ್ಕೂ ಎಳೆಯುತ್ತದೆ, ಆ ಕಡೆಗೆ ತಡೆ ಇಲ್ಲದ ಸ್ಕೋಪಿನ ಒಳಗೆ ಗಾಜು ಸಡಿಲವಾಗುತ್ತದೆ. ಏರ್‌ಗನ್ನಿಗೆ ಅಂತ ಬರೆದದ್ದನ್ನೇ ಕೊಳ್ಳಿ.

ಪಿಸಿಪಿಪಕ್ಷ
ಅಂಗೈ ಬಿಡಿಸು, ಕೆನ್ನೆ ಭಾರ ಅಳೆ, ಟೇಪ್ ಗುರುತು ಹಾಕು, ತಲೆ ಆಡಿಸು. ಇದು ಗುರಿ ಅಭ್ಯಾಸವೋ ಯೋಗಾಸನವೋ? ಪಿಸಿಪಿಯಲ್ಲಿ ಪಿಸ್ಟನ್ನೇ ಇಲ್ಲ. ಚೀಲದ ಮೇಲಿಡಿ, ಹೊಡೆಯಿರಿ. ಮುಗೀತು.

ಗಾಳಿಕೋವಿ
ಮುಗೀತಾ? ಗಾಳಿ ಎಲ್ಲಿಂದ ಬರುತ್ತದೆ ಸ್ವಾಮಿ? ಆಕಾಶದಿಂದ ಇಳಿಯುತ್ತದಾ?

ಪಿಸಿಪಿಪಕ್ಷ
ಕೈ ಪಂಪ್ ಇದೆ, ಡೈವಿಂಗ್ ಸಿಲಿಂಡರ್ ಇದೆ, ಚಿಕ್ಕ ಕಂಪ್ರೆಸರ್ ಇದೆ. ಗನ್ನಿನ ಟ್ಯಾಂಕ್ 200 ಬಾರ್‌ವರೆಗೆ, ಕೆಲವು 250, 300 ಬಾರ್‌ವರೆಗೂ ತುಂಬುತ್ತದೆ. ಕೈ ಪಂಪ್ ಬೆವರಿಳಿಸುತ್ತದೆ, ಒಪ್ಪಿಕೊಂಡೆ. ನಡುನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಬೇಕು, ಇಲ್ಲವಾದರೆ ಒಳಗೆ ನೀರಿನ ಹನಿ ಸೇರುತ್ತದೆ.

ರೆಗ್ಯುಲೇಟರ್ (ಒತ್ತಡ ಒಂದೇ ಮಟ್ಟದಲ್ಲಿಡುವ ಭಾಗ) ಇಲ್ಲದ ಪಿಸಿಪಿಯಲ್ಲಿ ಒಂದು ವಿಷಯ ತಿಳಿದಿರಬೇಕು. ಟ್ಯಾಂಕ್ ಕಿವಿವರೆಗೆ ತುಂಬಿದರೆ ಮೊದಲ ಹೊಡೆತಗಳು ನಿಧಾನ ಬರುತ್ತವೆ. ಒತ್ತಡ ಜಾಸ್ತಿ ಇದ್ದಾಗ ಹ್ಯಾಮರಿಗೆ ವಾಲ್ವ್ ಪೂರ್ತಿ ತೆರೆಯಲು ಆಗುವುದಿಲ್ಲ. ಒತ್ತಡ ಇಳಿದ ಹಾಗೆ ಸ್ಪೀಡ್ ಏರಿ, ಸಮನಾಗಿ ನಿಂತು, ಆಮೇಲೆ ಬೀಳುತ್ತದೆ. ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಕೂತು ಆ ಸಮನಾದ ಭಾಗ ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆದಿಟ್ಟುಕೊಳ್ಳಿ. ಅಷ್ಟರೊಳಗೇ ತುಂಬಿ, ಅಷ್ಟರೊಳಗೇ ಹೊಡೆಯಿರಿ. ರೆಗ್ಯುಲೇಟರ್ ಇದ್ದರೆ ಆ ತಲೆನೋವು ಅದೇ ನೋಡಿಕೊಳ್ಳುತ್ತದೆ.

ಲೇತ್‌ಸದ್ದು
ಪಿಸಿಪಿ ಅಂತ ಓಡುವವರಿಗೆ ಒಂದು ಮಾತು. ಯಾರಾದರೂ ಆಕ್ಸಿಜನ್ ಸಿಲಿಂಡರಿನಿಂದ ತುಂಬಿಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಒತ್ತಡದ ಆಕ್ಸಿಜನ್ನಿಗೆ ಚೂರು ಗ್ರೀಸ್ ತಾಗಿದರೂ ಸಿಡಿಯಬಹುದು. ಶುದ್ಧ ಒಣ ಗಾಳಿ ಮಾತ್ರ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಗಾಳಿ ಪೂರ್ತಿ ಖಾಲಿ ಮಾಡದೆ ಒಂದು ಸ್ಕ್ರೂ ಕೂಡ ಬಿಚ್ಚಬೇಡಿ. ಸಿಲಿಂಡರಿಗೆ ಒತ್ತಡ ಪರೀಕ್ಷೆಯ ತಾರೀಕು ಇರುತ್ತದೆ, ಅದು ದಾಟಿದ್ದರೆ ಮುಟ್ಟಬೇಡಿ.

ಸುಮ್ನೆಬಂದೆ
ನಮ್ಮ ಕಡೆಯವರೊಬ್ಬರು ಸ್ಪ್ರಿಂಗ್ ಗನ್ನಿನ ತೂತಿಗೆ ಒಂದು ತೊಟ್ಟು ಎಣ್ಣೆ ಬಿಡುತ್ತಾರೆ. ಢಮ್ ಅಂತ ಸದ್ದು, ಹೊಗೆ, ಡಬಲ್ ಸ್ಪೀಡ್. ಇದು ಯಾಕೆ ಯಾರೂ ಹೇಳುತ್ತಿಲ್ಲ? 😀

ಲೇತ್‌ಸದ್ದು
ಹೇಳದಿರುವುದಕ್ಕೆ ಕಾರಣ ಇದೆ ಗುರು. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಅದು ಭಯಂಕರ ಬಿಸಿಯಾಗುತ್ತದೆ. ಎಣ್ಣೆ ಆವಿಯಾಗಿ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ಒಳಗೆ ಆಗುವುದೂ ಅದೇ. ಹೆಸರೂ ಡೀಸೆಲಿಂಗ್. ಆ ಸ್ಫೋಟ ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ. ಸೀಲ್ ಸುಡುತ್ತದೆ, ಸ್ಪ್ರಿಂಗ್ ಬಾಗುತ್ತದೆ ಇಲ್ಲವೇ ತುಂಡಾಗುತ್ತದೆ. ಪ್ರತಿ ಹೊಡೆತ ಬೇರೆ ಬೇರೆ ಸ್ಪೀಡ್, ಗ್ರೂಪ್ ಅನ್ನುವುದೇ ಇರುವುದಿಲ್ಲ. ಹೊಸ ಗನ್ನಿನಲ್ಲಿ ಫ್ಯಾಕ್ಟರಿ ಎಣ್ಣೆ ಸುಟ್ಟು ಸ್ವಲ್ಪ ಹೊಗೆ ಬರುವುದು ಬೇರೆ, ಅದು ತಾನಾಗೇ ನಿಲ್ಲುತ್ತದೆ. ನಾವಾಗಿ ಎಣ್ಣೆ ಬಿಡುವುದು ಬೇಡ.

ಸುಮ್ನೆಬಂದೆ
ಆಯ್ತು, ಬೈಯಬೇಡಿ. ಕೇಳಿದೆ ಅಷ್ಟೇ.

ಹಳೇಕಾಲ
ಪಿಸಿಪಿ ಹೊಸದು ಅಂತ ತಿಳಿದವರಿಗೆ: ಇಟಲಿ ಮೂಲದ ಬಾರ್ತೊಲೊಮಿಯೊ ಜಿರಾಂಡೋನಿ ಮಾಡಿದ ಗಾಳಿ ರೈಫಲ್ಲನ್ನು ಆಸ್ಟ್ರಿಯಾ ಸೇನೆ 1780ರ ಹೊತ್ತಿಗೇ ಬಳಕೆಗೆ ತಂದಿತ್ತು. ಭುಜಕ್ಕೆ ಒರಗುವ ಹಿಂಭಾಗವೇ ಗಾಳಿಯ ಟ್ಯಾಂಕ್. ಪಕ್ಕದ ಕೊಳವೆಯಲ್ಲಿ ಸುಮಾರು 20 ಗುಂಡು, ಒಂದಾದ ಮೇಲೊಂದು ಹೊಡೆಯಬಹುದಿತ್ತು. ಉಳಿದ ಸೈನಿಕರು ಆಗ ಒಂದೊಂದೇ ಗುಂಡು ತುಂಬಿ ಕೋಲಿನಿಂದ ಒಳಗೆ ತಳ್ಳುತ್ತಿದ್ದ ಕಾಲ. ಅಮೆರಿಕದ ಪಶ್ಚಿಮಕ್ಕೆ 1804ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಹತ್ರವೂ ಒಂದು ಏರ್ ರೈಫಲ್ ಇತ್ತು, ದಾರಿಯಲ್ಲಿ ಸಿಕ್ಕ ಜನರಿಗೆ ಅದನ್ನು ಹೊಡೆದು ತೋರಿಸುತ್ತಿದ್ದರು.

ಗಾಳಿಕೋವಿ
ಆ ಟ್ಯಾಂಕ್ ತುಂಬಲು ಸಾವಿರಕ್ಕೂ ಮೀರಿ ಸಲ ಪಂಪ್ ಒತ್ತಬೇಕಿತ್ತಂತಲ್ಲ. ಪಿಸಿಪಿಪಕ್ಷದವರು ಆ ಕಾಲದಲ್ಲಿ ಹುಟ್ಟಬೇಕಿತ್ತು.

ಪಿಸಿಪಿಪಕ್ಷ
ಹುಟ್ಟಿದ್ದರೆ ಪಂಪ್ ಒತ್ತಲು ನಿಮ್ಮನ್ನೇ ಕರೆಯುತ್ತಿದ್ದೆ.

ಗುಂಡುಮಣಿ
ವಿಷಯಕ್ಕೆ ಬರೋಣ. ಚೂಪು ಮೂತಿ ಪೆಲೆಟ್ ಎಸೆಯಿರಿ. ಅಂದರೆ ಡಬ್ಬಿಯಲ್ಲಿಡಿ, ಸೀಸವನ್ನು ಎಲ್ಲೆಂದರಲ್ಲಿ ಎಸೆಯಬೇಡಿ. ಆ ಚೂಪು ತುದಿ ಒಂಚೂರು ಓರೆಯಾಗಿದ್ದರೂ ಪೆಲೆಟ್ ತೂರಾಡುತ್ತಾ ಹೋಗುತ್ತದೆ. 10 ಮೀಟರ್ ಕಾಗದಕ್ಕೆ ಚಪ್ಪಟೆ ತಲೆಯದು, ತೂತು ಕತ್ತರಿಸಿದ ಹಾಗೆ ದುಂಡಗೆ ಬರುತ್ತದೆ, ಅಂಕ ನೋಡುವುದು ಸುಲಭ. 25 ಮೀಟರ್ ಮತ್ತು ಅದರಾಚೆಗೆ ಗುಂಡು ತಲೆಯದು.

4.5 ಮಿ.ಮೀ.ಗೆ 8 ಗ್ರೇನ್ (ಅರ್ಧ ಗ್ರಾಮಿನಷ್ಟು) ಆಸುಪಾಸಿನದು ಸ್ಪ್ರಿಂಗ್ ಗನ್ನಿಗೆ ಹಿತ. ತಲೆಯ ಅಳತೆ 4.50, 4.51, 4.52 ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಆ ಕೂದಲೆಳೆ ವ್ಯತ್ಯಾಸವೂ ಕೆಲವು ಬ್ಯಾರೆಲ್ಲಿಗೆ ಗೊತ್ತಾಗುತ್ತದೆ. ನಾಲ್ಕೈದು ಬಗೆ ತಂದು ಹೊಡೆದು ನೋಡಿ, ನಿಮ್ಮ ಬ್ಯಾರೆಲ್ಲೇ ಆರಿಸಲಿ. ಪಕ್ಕದವರ ಅದೇ ಮಾಡೆಲ್ ಗನ್ನಿಗೆ ಹಿಡಿಸಿದ್ದು ನಿಮ್ಮದಕ್ಕೆ ಹಿಡಿಸಬೇಕು ಅಂತೇನಿಲ್ಲ.

ಸುಮ್ನೆಬಂದೆ
ನನ್ನ ಗನ್ನಿನ ಡಬ್ಬಿ ಮೇಲೆ ಸೆಕೆಂಡಿಗೆ 1,250 ಅಡಿ ಅಂತ ಇದೆ. ಸ್ಪೀಡ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?

ಲೇತ್‌ಸದ್ದು
ಆ ಅಂಕಿ ಬರುವುದು ಸೀಸವಲ್ಲದ ಹಗುರ ಪೆಲೆಟ್ ಹಾಕಿ. ಮಾಮೂಲಿ ಸೀಸದ್ದು ಹಾಕಿ ಅಳೆದರೆ ತುಂಬಾ ಕೆಳಗಿಳಿಯುತ್ತದೆ. ಅದೂ ಅಲ್ಲದೆ 20 ಡಿಗ್ರಿ ಬಿಸಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ 1,125 ಅಡಿ. ಪೆಲೆಟ್ ಅದರ ಹತ್ರ ಹೋದರೆ ಎದುರಿನ ಗಾಳಿ ಅದನ್ನು ಅಲ್ಲಾಡಿಸುತ್ತದೆ. ನಡು ಸಣ್ಣ, ಹಿಂದೆ ಲಂಗದ ಥರ ಅಗಲ ಇರುವ ಈ ಪೆಲೆಟ್ಟುಗಳು ಆ ವೇಗಕ್ಕೆ ಮಾಡಿದವೇ ಅಲ್ಲ. 240ರಿಂದ 280 ಮೀಟರ್ ನಡುವೆ ಇದ್ದರೆ ಸುಖ.

ಬಲ ಅಳೆಯುವುದು ಜೌಲ್‌ನಲ್ಲಿ. ತೂಕ ಗುಣಿಸು ವೇಗದ ವರ್ಗ, ಅದರಲ್ಲಿ ಅರ್ಧ. 0.547 ಗ್ರಾಮಿನ ಪೆಲೆಟ್ 240 ಮೀಟರ್ ವೇಗದಲ್ಲಿ ಹೋದರೆ ಸುಮಾರು 15.8 ಜೌಲ್. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಲೈಸೆನ್ಸ್ ಇಲ್ಲದ ಏರ್ ರೈಫಲ್ಲಿಗೆ ಇರುವ 12 ಫುಟ್-ಪೌಂಡ್ ಮಿತಿ ಅಂದರೆ ಸುಮಾರು 16.3 ಜೌಲ್. ಜರ್ಮನಿಯಲ್ಲಿ 7.5 ಜೌಲ್. ಒಂದೇ ಮಾಡೆಲ್ಲಿನ ಗನ್ ಎರಡು ಬಲದಲ್ಲಿ ಬರುವುದು ಇದಕ್ಕೇ. ಸ್ಪ್ರಿಂಗ್ ಬದಲಿಸುವ ಮೊದಲು ನಿಮ್ಮಲ್ಲಿನ ನಿಯಮ ಓದಿ. ಮಿತಿ ದಾಟಿದರೆ ಅದು ಹವ್ಯಾಸ ಆಗಿ ಉಳಿಯುವುದಿಲ್ಲ.

ಹೊಸಗುರಿ
ವರದಿ ಒಪ್ಪಿಸುತ್ತೇನೆ. ಸ್ಟಾಕ್‌ನ ಮುಂದಿನ ಬಲ ಸ್ಕ್ರೂ ಅರ್ಧ ಸುತ್ತು ಸಡಿಲ ಇತ್ತು. ಅದಕ್ಕಿಂತ ದೊಡ್ಡದು ಇದು: ಮೌಂಟ್ ಬಿಚ್ಚಿದಾಗ ಅದು ಕೂರುವ ಹಳಿಯ ಮೇಲೆ ಕಪ್ಪು ಬಣ್ಣ ಕೆರೆದುಹೋಗಿ ಹೊಳೆಯುವ ಗೆರೆ ಕಂಡಿತು. ಸುಮಾರು 3 ಮಿ.ಮೀ. ಉದ್ದ, ಮೌಂಟ್ ಇದ್ದ ಜಾಗದಿಂದ ಹಿಂದಕ್ಕೆ. ಪ್ಯಾರಲ್ಯಾಕ್ಸ್ ರಿಂಗ್ ಇಲ್ಲ. ತಲೆ ಆಡಿಸಿದರೆ ಕ್ರಾಸ್ ಓಡಾಡುತ್ತದೆ.

ಗಾಳಿಕೋವಿ
ನೋಡಿ, ಕಳ್ಳ ಸಿಕ್ಕ. ಹೊಡೆದಾಗಲೆಲ್ಲ ಸ್ಕೋಪ್ ಹಿಂದಕ್ಕೆ ತೆವಳುತ್ತಿದೆ. ಗ್ರೂಪ್ ಜಾಗ ಬದಲಿಸದೆ ಇನ್ನೇನು ಮಾಡುತ್ತದೆ?

ಮೌಂಟಿನ ಕೆಳಗೆ ಸ್ಟಾಪ್ ಪಿನ್ ಇದೆಯಾ ನೋಡಿ. ಗನ್ನಿನ ಹಳಿಯ ಹಿಂಭಾಗದಲ್ಲಿ ಅದಕ್ಕೆ ತೂತು ಇರಬಹುದು, ಪಿನ್ ಅದರೊಳಗೆ ಕೂರಬೇಕು. ತೂತು ಇಲ್ಲದಿದ್ದರೆ ಹಳಿಗೆ ಬೇರೆ ಸ್ಟಾಪರ್ ಸಿಗುತ್ತದೆ, ಅದನ್ನು ಮೌಂಟಿನ ಬೆನ್ನಿಗೆ ಒತ್ತಿ ಬಿಗಿ ಮಾಡಿ. ಹಳಿಯ ಮೇಲಿನ ಎಣ್ಣೆ ಸ್ಪಿರಿಟ್ ಹಾಕಿ ಒರೆಸಿ. ಎರಡು ಬಿಡಿ ರಿಂಗಿಗಿಂತ ಒಂದೇ ತುಂಡಿನ ಮೌಂಟ್ ವಾಸಿ, ಹಿಡಿಯುವ ಜಾಗ ಜಾಸ್ತಿ.

ಗುಂಡುಮಣಿ
ಸಿಟ್ಟಿನಲ್ಲಿ ರಿಂಗಿನ ಸ್ಕ್ರೂ ಮಾತ್ರ ಜಾಸ್ತಿ ತಿರುಗಿಸಬೇಡಿ. ಸ್ಕೋಪಿನ ಕೊಳವೆ ತೆಳು, ಅದುಮಿಹೋಗುತ್ತದೆ. ನಾಲ್ಕನ್ನೂ ಸ್ವಲ್ಪ ಸ್ವಲ್ಪವಾಗಿ, ಎದುರುಬದುರಾಗಿ ಬಿಗಿ ಮಾಡಿ.

ಹೊಸಗುರಿ
ಸ್ಟಾಪರ್ ಹಾಕಿದೆ. ಗುಂಡು ತಲೆಯ 8.4 ಗ್ರೇನ್ ತಂದೆ. ಮೇಡಂ ಹೇಳಿದ ಹಾಗೆ ಅಂಗೈ ಬಿಡಿಸಿ ಹೊಡೆದೆ. 25 ಮೀಟರಿಗೆ ಗ್ರೂಪ್ ಈಗ 3 ಸೆಂ.ಮೀ. ಸುತ್ತ ಬರುತ್ತಿದೆ! ನಿಂತ ಜಾಗದಲ್ಲೇ ನಿಲ್ಲುತ್ತಿದೆ ಕೂಡ.

ಹೊಸ ಸಮಸ್ಯೆ. 25ಕ್ಕೆ ಸರಿ ಮಾಡಿದರೆ 10ರಲ್ಲಿ ಕೆಳಗೆ ಬೀಳುತ್ತದೆ. ಹತ್ರ ಇದ್ದರೆ ಮೇಲೆ ಬೀಳಬೇಕಲ್ವಾ? 10ರಲ್ಲಿ ಸ್ಕೋಪಿನ ಗುಂಡಿ ತಿರುಗಿಸಿದರೆ ಏನೂ ಬದಲಾಗುವುದೂ ಇಲ್ಲ. ಸ್ಕೋಪ್ ಕೆಟ್ಟಿದೆಯಾ?

ಹತ್ತುಮೀಟರ್
ಕೆಟ್ಟಿಲ್ಲ. ನಿಮ್ಮ ಕಣ್ಣು ನೋಡುವ ಗೆರೆ ಬ್ಯಾರೆಲ್ಲಿಗಿಂತ ನಾಲ್ಕೂವರೆ ಸೆಂ.ಮೀ. ಮೇಲಿದೆ ಅಂತಿಟ್ಟುಕೊಳ್ಳಿ. ಪೆಲೆಟ್ ಹೊರಡುವುದೇ ಆ ಗೆರೆಯ ಕೆಳಗಿನಿಂದ. ಮೇಲಕ್ಕೇರುತ್ತಾ ಹೋಗಿ ಗೆರೆಯನ್ನು ಮುಟ್ಟಬೇಕು, 10 ಮೀಟರಿನಲ್ಲಿ ಅದಿನ್ನೂ ಕೆಳಗೇ ಇರುತ್ತದೆ. 240 ಮೀಟರ್ ವೇಗಕ್ಕೆ ನಾನು ಲೆಕ್ಕ ಹಾಕಿದರೆ, 25ಕ್ಕೆ ಝೀರೋ ಮಾಡಿದ (ಗುರಿ ಹೊಂದಿಸಿದ) ಗನ್ 10ರಲ್ಲಿ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಕೆಳಗೆ ಹೊಡೆಯುತ್ತದೆ. ನಿಮ್ಮದೂ ಅಷ್ಟೇ ಇದ್ದರೆ ಎಲ್ಲ ಸರಿ ಇದೆ.

ಗುಂಡಿ ವಿಷಯ: ಕಾಲು ಎಂಓಎ (ಸ್ಕೋಪ್ ಸರಿಸುವ ಕೋನದ ಅಳತೆ) ಅಂತ ಬರೆದಿದ್ದರೆ ಒಂದು ಕ್ಲಿಕ್ಕಿಗೆ 100 ಗಜದಲ್ಲಿ 7 ಮಿ.ಮೀ. ಸರಿಯುತ್ತದೆ. 25 ಮೀಟರಿನಲ್ಲಿ 2 ಮಿ.ಮೀ.ಗೂ ಕಮ್ಮಿ. 10 ಮೀಟರಿನಲ್ಲಿ 1 ಮಿ.ಮೀ. ಕೂಡ ಇಲ್ಲ. ಎರಡು ಮೂರು ಕ್ಲಿಕ್ ತಿರುಗಿಸಿ ಕಾದರೆ ಏನೂ ಕಾಣುವುದಿಲ್ಲ. ಒಂದು ಸೆಂ.ಮೀ. ಸರಿಸಲು ಅಲ್ಲಿ 14 ಕ್ಲಿಕ್ ಬೇಕು. ಒಂದು ಹೊಡೆತ ನೋಡಿ ತಿರುಗಿಸಬೇಡಿ. ಐದು ಹೊಡೆದು, ಅದರ ನಡು ನೋಡಿ, ಆಮೇಲೆ ತಿರುಗಿಸಿ.

ದೂರದರ್ಶಕ
ಮೇಲಕ್ಕೆ ಪೂರ್ತಿ ತಿರುಗಿಸಿದರೂ ಕೆಳಗೇ ಬೀಳುತ್ತಿದ್ದರೆ ಬ್ಯಾರೆಲ್ ತುದಿ ತಗ್ಗಿದೆ ಅಂತ. ಬ್ರೇಕ್ ಬ್ಯಾರೆಲ್ಲಿನಲ್ಲಿ ಇದು ಮಾಮೂಲಿ. ಹಿಂದೆ ಎತ್ತರ ಇರುವ ಮೌಂಟ್ ಸಿಗುತ್ತದೆ, ಅದನ್ನು ಹಾಕಿ. ಗುಂಡಿಯನ್ನು ಕೊನೆಗೆ ತಂದು ನಿಲ್ಲಿಸಿದರೆ ಒಳಗಿನ ಚಿಕ್ಕ ಸ್ಪ್ರಿಂಗ್ ಸಡಿಲಾಗಿ ಝೀರೋ ಅಲೆದಾಡುತ್ತದೆ.

ಉಕ್ಕಿನಮನಸು
ಈಗ ನನ್ನದೊಂದು. ಟ್ರಿಗರ್ ತುಂಬಾ ಬಿಗಿ. ಸಿಯರ್ (ಟ್ರಿಗರ್ ಎಳೆಯುವವರೆಗೆ ಪಿಸ್ಟನ್ ತಡೆದಿಡುವ ಕೊಕ್ಕೆ) ಉಜ್ಜಿ ನುಣುಪು ಮಾಡಿದರೆ ಹಗುರ ಆಗುತ್ತದೆ ಅಂತ ವಿಡಿಯೋ ನೋಡಿದೆ. ಜೊತೆಗೆ ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿದರೆ ಕಾಕ್ ಮಾಡುವುದೂ, ಅಂದರೆ ಸ್ಪ್ರಿಂಗ್ ಒತ್ತಿ ಸಿದ್ಧ ಮಾಡುವುದೂ, ಸುಲಭವಂತೆ.

ಲೇತ್‌ಸದ್ದು
ಸಿಯರ್ ಮೇಲಿನ ಗಟ್ಟಿ ಪದರ ತೆಳು. ಅರ ಹಾಕಿದರೆ ಅದು ಹೋಗಿ ಒಳಗಿನ ಮೆತ್ತನೆ ಉಕ್ಕು ಬರುತ್ತದೆ. ಮೊದಮೊದಲು ಬೆಣ್ಣೆ ಥರ ಇರುತ್ತದೆ. ಅದು ಸವೆದ ದಿನ ಪೆಲೆಟ್ ತುಂಬುತ್ತಿರುವಾಗಲೇ ಬಿಟ್ಟುಕೊಂಡರೆ ತೆರೆದ ಬ್ಯಾರೆಲ್ ಮುಚ್ಚಿಕೊಳ್ಳುತ್ತದೆ. ನಡುವೆ ಬೆರಳಿದ್ದರೆ ಬೆರಳು ಹೋಯ್ತು, ಇಲ್ಲದಿದ್ದರೆ ಬ್ಯಾರೆಲ್ ಬಾಗಿತು. ಬ್ರೇಕ್ ಬ್ಯಾರೆಲ್ ಬಳಸುವವರೆಲ್ಲರೂ ಪೆಲೆಟ್ ಇಡುವಾಗ ಒಂದು ಕೈಯಲ್ಲಿ ಬ್ಯಾರೆಲ್ ಹಿಡಿದೇ ಇರಬೇಕು. ಅಂಡರ್‌ಲಿವರಿನವರು ಲಿವರ್ ಹಿಡಿದೇ ಇರಬೇಕು.

ಹೊಂದಿಸುವ ಸ್ಕ್ರೂ ಇರುವ ಟ್ರಿಗರ್ ಇದ್ದರೆ ಅದನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ತಿರುಗಿಸಿ. ವೈರಾಖಿನ ರೆಕಾರ್ಡ್ ಟ್ರಿಗರ್ ಇಷ್ಟು ಹೆಸರು ಮಾಡಿದ್ದೇ ಅದಕ್ಕೆ, ಉಜ್ಜುವ ಕೆಲಸವೇ ಇಲ್ಲ.

ಸ್ಪ್ರಿಂಗ್ ಕತ್ತರಿಸುವುದರ ಬಗ್ಗೆ. ಕತ್ತರಿಸಿದ ತುದಿಯನ್ನು ಬಿಸಿ ಮಾಡಿ ಮುಚ್ಚಿ, ಚಪ್ಪಟೆಯಾಗಿ ಅರೆಯಬೇಕು. ಇಲ್ಲದಿದ್ದರೆ ಒಂದು ಮೂಲೆ ಮಾತ್ರ ಒತ್ತಿ ಸ್ಪ್ರಿಂಗ್ ಸೊಟ್ಟಗಾಗುತ್ತದೆ. ಅದನ್ನು ಹೊರಗೆ ತೆಗೆಯುವುದೇ ಒಂದು ಕೆಲಸ. ಕೂಡಿಸಿಟ್ಟ ಸ್ಪ್ರಿಂಗ್ ಗನ್ನಿನೊಳಗೆ ಕಾಕ್ ಮಾಡದಿದ್ದಾಗಲೂ ಒತ್ತಡದಲ್ಲೇ ಇರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಹಿಂದಿನ ಪಿನ್ ತಳ್ಳಿದರೆ ಮುಖಕ್ಕೆ ಬರುತ್ತದೆ.

ಹೊಸಗುರಿ
ಹಾಗಾದರೆ ಟ್ಯೂನಿಂಗ್ ಅಂತ ಜನ ಮಾಡಿಸುವುದು ಏನು? ಸ್ಪೀಡಿಗಲ್ಲವಾ?

ಲೇತ್‌ಸದ್ದು
ಒಳ್ಳೆಯ ಟ್ಯೂನಿಂಗ್ ಆದ ಮೇಲೆ ಸ್ಪೀಡ್ ಒಮ್ಮೊಮ್ಮೆ ಇಳಿದೇ ಇರುತ್ತದೆ, ಯಾರಿಗೂ ಬೇಸರ ಆಗುವುದಿಲ್ಲ. ಹೊಡೆದಾಗ "ಟ್ರೊಯ್ಯಿಂಗ್" ಅಂತ ಸದ್ದು ಬರುತ್ತದಲ್ಲ, ಅದು ಸ್ಪ್ರಿಂಗ್ ತನ್ನೊಳಗಿನ ಆಧಾರದ ಕಡ್ಡಿ, ಅಂದರೆ ಗೈಡಿನ ಮೇಲೆ ಸಡಿಲವಾಗಿ ಕುಣಿಯುವ ಸದ್ದು. ಸ್ಪ್ರಿಂಗಿನ ಒಳವ್ಯಾಸಕ್ಕೆ ಬಿಗಿಯಾಗಿ ಕೂರುವ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಗೈಡ್ ಲೇತಿನಲ್ಲಿ ಕಡೆಯುತ್ತೇನೆ. ಕೈಯಿಂದ ಒತ್ತಿದರೆ ಹೋಗಬೇಕು, ಅಲ್ಲಾಡಿಸಿದರೆ ಸದ್ದು ಬರಬಾರದು. ಸಿಲಿಂಡರಿನ ಕಾಕಿಂಗ್ ಸೀಳಿನ ಅಂಚು ಚೂಪಾಗಿರುತ್ತದೆ, ಹೊಸ ಸೀಲ್ ಹಾಕುವಾಗ ಅದನ್ನು ಕತ್ತರಿಸಿಬಿಡುತ್ತದೆ. ಅಂಚು ಉಜ್ಜಿ ಮೊಂಡು ಮಾಡಬೇಕು. ಪಿಸ್ಟನ್ನಿನ ಪಕ್ಕಗಳಿಗೆ ಮಾಲಿಬ್ಡಿನಮ್ ಗ್ರೀಸ್ ತೆಳುವಾಗಿ, ಸ್ಪ್ರಿಂಗಿಗೆ ಅಂಟು ಗ್ರೀಸ್ ಸ್ವಲ್ಪವೇ. ಸೀಲಿನ ಮುಂದೆ ಏನೂ ಬೇಡ.

ಆಮೇಲೆ ಬ್ಯಾರೆಲ್ ಕೀಲು. ಗನ್ ಕಾಕ್ ಮಾಡಿ, ಪೆಲೆಟ್ ಹಾಕದೆ, ಬ್ಯಾರೆಲ್ಲನ್ನು ನಡುವೆ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲಬೇಕು. ಟ್ರಿಗರ್‌ನಿಂದ ಬೆರಳು ದೂರ. ತಾನಾಗೇ ಕೆಳಗೆ ಬಿದ್ದರೆ ಕೀಲಿನ ಬೋಲ್ಟ್ ಬಿಗಿ ಮಾಡಿ. ಬ್ಯಾರೆಲ್ ಮುಚ್ಚಿದಾಗ ಪ್ರತಿ ಸಲ ಒಂದೇ ಜಾಗಕ್ಕೆ ಬಂದು ಕೂರುವುದು ಇದರಿಂದಲೇ.

ಗಾಳಿಕೋವಿ
ಬ್ರೀಚ್ ಸೀಲ್ ಸೋರುತ್ತಿದೆಯಾ ಅಂತ ನೋಡಲು ಬ್ಯಾರೆಲ್ ಮತ್ತು ಸಿಲಿಂಡರ್ ಸೇರುವ ಜಾಗದ ಮೇಲೆ ಟಿಶ್ಯೂ ಕಾಗದದ ಚೂರು ಇಟ್ಟು ಹೊಡೆಯಿರಿ. ಹಾರಿದರೆ ಸೋರುತ್ತಿದೆ. ಪೆಲೆಟ್ ಹಾಕಿಯೇ ಹೊಡೆಯಿರಿ, ಖಾಲಿ ಹೊಡೆದರೆ ಪಿಸ್ಟನ್ನಿಗೆ ಎದುರು ಗಾಳಿಯ ತಡೆ ಇಲ್ಲದೆ ಲೋಹಕ್ಕೆ ಬಡಿಯುತ್ತದೆ.

ಗ್ಯಾಸ್‌ರಾಮ್
ಸ್ಪ್ರಿಂಗ್ ಜಾಗಕ್ಕೆ ಗ್ಯಾಸ್ ರಾಮ್ (ಒತ್ತಿದ ಗ್ಯಾಸ್ ತುಂಬಿದ ಮುಚ್ಚಿದ ಕೊಳವೆ) ಹಾಕಿಸಿ, ಕುಣಿತವೇ ಇಲ್ಲ. ಕಾಕ್ ಮಾಡಿ ಬಿಟ್ಟರೂ ಸ್ಪ್ರಿಂಗಿನ ಥರ ಸೋಲುವುದಿಲ್ಲ.

ಲೇತ್‌ಸದ್ದು
ಕುಣಿತ ಇಲ್ಲ, ಸರಿ. ಒದೆತ ಚುರುಕು, ಸ್ಕೋಪಿಗೆ ಏಟು ಕಮ್ಮಿಯೇನಿಲ್ಲ. ಗ್ಯಾಸ್ ಸೋರಿದರೆ ಇಡೀ ರಾಮ್ ಬದಲಿಸಬೇಕು. ಸ್ಪ್ರಿಂಗ್ ಸೋತರೆ ಸ್ಪ್ರಿಂಗ್ ಮಾತ್ರ. ಕಾಕ್ ಮಾಡಿ ಬಿಡುವ ಅಭ್ಯಾಸ ಯಾವುದಕ್ಕೂ ಬೇಡ.

ಮನೆಯವಳು
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮವರು ಹೊಡೆದು ಬಂದು ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳುತ್ತಾರೆ. ಸೀಸ ಅಂತ ನಾನು ಹೇಳಿದರೆ ನಗುತ್ತಾರೆ. ಗುರಿಯ ಹಿಂದೆ ಒಂದು ಮರದ ಹಲಗೆ ಇಟ್ಟಿದ್ದಾರೆ, ಅದು ಸಾಕಾ?

ಹತ್ತುಮೀಟರ್
ನೀವು ಹೇಳುವುದು ನೂರಕ್ಕೆ ನೂರು ಸರಿ. ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆದ ಮೇಲೇ ಮಗು, ಊಟ. ಪೆಲೆಟ್ಟನ್ನು ತುಟಿಗಳ ನಡುವೆ ಇಟ್ಟುಕೊಳ್ಳುವವರೂ ಇದ್ದಾರೆ, ದಯವಿಟ್ಟು ಬಿಡಿಸಿ.

ಹಲಗೆ ಸಾಲದು. ದಿನ ಕಳೆದಂತೆ ನಡು ತೂತಾಗುತ್ತದೆ. ಗಟ್ಟಿ ಹಲಗೆಯಿಂದ ಪೆಲೆಟ್ ವಾಪಸ್ಸೂ ಬರಬಹುದು. ದಪ್ಪ ಪೆಟ್ಟಿಗೆಗೆ ಹಳೆ ಬಟ್ಟೆ ಒತ್ತಿ ತುಂಬಿ, ಹಿಂದೆ ಉಕ್ಕಿನ ತಗಡು ಹಾಕಿ. ತಂತಿ ಪೈಪುಗಳ ಸಂದಿಗೆ ಮೆತ್ತುವ, ಒಣಗದ ಡಕ್ಟ್ ಸೀಲ್ ಇನ್ನೂ ಒಳ್ಳೆಯದು, ಸದ್ದೂ ಇಲ್ಲ, ಸೀಸದ ಪುಡಿಯೂ ಹಾರುವುದಿಲ್ಲ. ಗುರಿ ತಪ್ಪಿದ ಪೆಲೆಟ್ ನೂರಾರು ಮೀಟರ್ ಹೋಗುತ್ತದೆ, ಅದರ ಹಿಂದೆ ಗೋಡೆಯೋ ಮಣ್ಣಿನ ದಿಬ್ಬವೋ ಇರಲೇಬೇಕು. ಹೊಡೆಯುವವರಿಗೂ ಪಕ್ಕ ನಿಂತವರಿಗೂ ಕನ್ನಡಕ.

ಗುಂಡುಮಣಿ
ಉಕ್ಕಿನ ಬಿಬಿ ಗುಂಡು ಹೊಡೆಯುವವರಿಗೆ ಇದು ಎರಡು ಪಟ್ಟು ಅನ್ವಯ. ಸೀಸ ಚಪ್ಪಟೆಯಾಗುತ್ತದೆ, ಉಕ್ಕು ಹಾಗೇ ಪುಟಿದು ಬರುತ್ತದೆ. ಒಳಗೆ ಸುರುಳಿ ಗೀರು (ರೈಫ್ಲಿಂಗ್) ಇರುವ ಬ್ಯಾರೆಲ್ಲಿಗೆ ಬಿಬಿ ಹಾಕಿದರೆ ಗೀರೂ ಸವೆಯುತ್ತದೆ.

ಸುಮ್ನೆಬಂದೆ
ಬ್ಯಾರೆಲ್ ಎಷ್ಟು ದಿನಕ್ಕೊಮ್ಮೆ ಕ್ಲೀನ್ ಮಾಡಬೇಕು? ಎಣ್ಣೆ ಬಗ್ಗೆ ಕೇಳುತ್ತಿಲ್ಲ, ಪ್ರಾಮಿಸ್.

ಗಾಳಿಕೋವಿ
ಹಾ ಹಾ. ಗ್ರೂಪ್ ಕೆಡುವವರೆಗೆ ಮುಟ್ಟಬೇಡಿ. ಇಲ್ಲಿ ಮದ್ದಿನ ಮಸಿ ಇಲ್ಲ, ಸೀಸ ಮಾತ್ರ. ಮಾಡಲೇಬೇಕಾದರೆ ದಾರಕ್ಕೆ ಬಟ್ಟೆ ಚೂರು ಕಟ್ಟಿ, ಹಿಂದಿನಿಂದ ಬಾಯಿಯ ಕಡೆಗೆ ಎಳೆಯಿರಿ. ಉಕ್ಕಿನ ಕಡ್ಡಿ, ತಂತಿ ಬ್ರಷ್ ಬೇಡ. ಕ್ಲೀನ್ ಮಾಡಿದ ಮೇಲೆ ಮೊದಲ ಕೆಲವು ಹೊಡೆತ ಎಲ್ಲೆಲ್ಲೋ ಬೀಳುತ್ತವೆ, ಆಮೇಲೆ ನೆಲೆಗೆ ಬರುತ್ತದೆ.

ಹಳೇಕಾಲ
ಹೊಸಗುರಿಯವರು ಕಾಗದ ಬೇಸರ ಆದರೆ ಫೀಲ್ಡ್ ಟಾರ್ಗೆಟ್ ನೋಡಲಿ. ಉಕ್ಕಿನ ತಗಡಿನಲ್ಲಿ ತೂತು, ಅದರ ಹಿಂದೆ ಒಂದು ಪಟ್ಟಿ. ತೂತಿನೊಳಗೆ ಹೋದರೆ ತಗಡು ಮಲಗುತ್ತದೆ, ಅಂಚಿಗೆ ಬಿದ್ದರೆ ನಿಂತೇ ಇರುತ್ತದೆ. ದಾರ ಎಳೆದು ಎಬ್ಬಿಸುವುದು. ದೂರ ಎಷ್ಟು ಅಂತ ಯಾರೂ ಹೇಳುವುದಿಲ್ಲ, 50 ಮೀಟರ್‌ವರೆಗೂ ಇರಬಹುದು. ಸ್ಕೋಪಿನ ಪ್ಯಾರಲ್ಯಾಕ್ಸ್ ಚಕ್ರ ತಿರುಗಿಸಿ, ಚಿತ್ರ ಸ್ಪಷ್ಟವಾದ ಕಡೆ ಅಂಕಿ ಓದಿ ದೂರ ತಿಳಿಯುತ್ತಾರೆ.

ಪಿಸಿಪಿಪಕ್ಷ
ಅಲ್ಲಿ ಮುಂದಿನ ಸಾಲಿನಲ್ಲಿರುವವರ ಕೈಯಲ್ಲಿ ಏನಿರುತ್ತದೆ ಅಂತಲೂ ಹೇಳಿ ಹಳೇಕಾಲದವರೇ. ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ 1984ರಿಂದ ಇದೆ. ಈಗ ಅಲ್ಲಿ ಯಾರ ಕೈಯಲ್ಲಾದರೂ ಸ್ಪ್ರಿಂಗ್ ಗನ್ ಇದೆಯಾ?

ಹತ್ತುಮೀಟರ್
ಇಲ್ಲ, ಎಲ್ಲ ಪಿಸಿಪಿಯೇ. ನಾನು ಹೊಡೆಯುವುದೂ ಅದೇ. ಹತ್ತರ ಗುರಿ ಅಲ್ಲಿ ಬರೀ ಅರ್ಧ ಮಿ.ಮೀ. ಚುಕ್ಕೆ, ಪೆಲೆಟ್ಟಿಗಿಂತ ಸಣ್ಣದು. ಆದರೆ ವೇಗ ಸೆಕೆಂಡಿಗೆ ಸುಮಾರು 170 ಮೀಟರ್ ಅಷ್ಟೇ ಅನ್ನುವುದನ್ನೂ ಗಮನಿಸಿ. ಸ್ಪೀಡ್ ಸ್ಪೀಡ್ ಅನ್ನುವವರಿಗೆ ಹೇಳಿದ್ದು. ಕಲಿಯಲು ಬಂದವರಿಗೆ ವಾರಕ್ಕೊಮ್ಮೆಯಾದರೂ ಸ್ಪ್ರಿಂಗ್ ಗನ್ ಕೊಡಿ ಅಂತ ನಾನು ಹೇಳುವುದು. ಟ್ರಿಗರ್ ಕಿತ್ತರೆ, ತಲೆ ಎತ್ತಿದರೆ ಅದು ಅಲ್ಲೇ ಕಾಗದದ ಮೇಲೆ ಬರೆದು ತೋರಿಸುತ್ತದೆ.

ಹೊಸಗುರಿ
ನಿರ್ಧಾರ: ಗಟ್ಟಿ ಸ್ಪ್ರಿಂಗ್ ಇಲ್ಲ, ಪಿಸಿಪಿ ಸದ್ಯಕ್ಕೆ ಇಲ್ಲ. ಮೊದಲು 10 ಮೀಟರಿಂದ ಪ್ಯಾರಲ್ಯಾಕ್ಸ್ ಹೊಂದಿಸಬಹುದಾದ, ಏರ್‌ಗನ್ನಿಗೆ ಮಾಡಿದ ಸ್ಕೋಪ್. ಆಮೇಲೆ ಲೇತ್‌ಸದ್ದು ಸರ್ ಹೇಳಿದ ಗೈಡ್. ಸರ್, ನನ್ನ ಸ್ಪ್ರಿಂಗಿಗೆ ಒಂದು ಕಡೆದುಕೊಡುತ್ತೀರಾ?

ಲೇತ್‌ಸದ್ದು
ಸ್ಪ್ರಿಂಗಿನ ಒಳವ್ಯಾಸ ಎರಡೂ ತುದಿಯಲ್ಲಿ, ತಂತಿಯ ದಪ್ಪ, ಪಿಸ್ಟನ್ನಿನ ಒಳವ್ಯಾಸ. ಮೂರನ್ನೂ ವರ್ನಿಯರ್‌ನಲ್ಲಿ ಅಳೆದು ಕಳಿಸಿ. ಸ್ಕೇಲಿನಲ್ಲಿ ಅಳೆದದ್ದು ಬೇಡ. ಬಿಚ್ಚುವ ಕೆಲಸ ಮಾತ್ರ ಕಂಪ್ರೆಸರ್ ಇರುವವರ ಹತ್ರವೇ ಮಾಡಿಸಿ.

ಪಿಸಿಪಿಪಕ್ಷ
ಆರು ತಿಂಗಳಾದ ಮೇಲೆ ಪಂಪ್ ಯಾವುದು ತಗೊಳ್ಳಲಿ ಅಂತ ಇಲ್ಲೇ ಕೇಳುತ್ತೀರಿ, ಬರೆದಿಟ್ಟುಕೊಳ್ಳಿ.

ಗಾಳಿಕೋವಿ
ಆಗಲೂ ಮೊದಲು ಸ್ಕ್ರೂ ನೋಡಿ ಅಂತಲೇ ಹೇಳುತ್ತೇನೆ.